ಮಕ್ಕಳ ಆಶೆಗೆ ಹೊಣೆ ಯಾರು?

ಕೆಲವು ವರ್ಷಗಳಿಂದ ನಮ್ಮ ಸೀಮೆಯ ಶಾಲೆಗಳಲ್ಲಿ ಒಂದು ಹೊಸ ಬಗೆಯ ಪ್ರವಚನವು ನಡೆಯತೊಡಗಿದೆ. ಅದಕ್ಕೆ ವ್ಯಕ್ತಿತ್ವವಿಕಸನವೆಂದು ಹೆಸರು. ಪಟ್ಟಣದಿಂದ ಒಬ್ಬ ವಾಗ್ಮಿಗಳು ಬರುತ್ತಾರೆ; ಶಾಲು-ಹಾರಗಳನ್ನು ಸ್ವೀಕರಿಸುತ್ತಾರೆ; ಅಂಗಳದಲ್ಲಿ ಸಾಲಾಗಿ ಕುಳಿತ ಮಕ್ಕಳನ್ನುದ್ದೇಶಿಸಿ, ಬಡತನವೆಂಬದು ಮನಸ್ಸಿನ ಸ್ಥಿತಿಯೆಂದೂ, ಮನಸ್ಸು ಮಾಡಿದರೆ ಸಾಧ್ಯವಾಗದ ಕಾರ್ಯವೇ ಇಲ್ಲವೆಂದೂ, ಕಷ್ಟದಲ್ಲಿಯೂ ನಗುತ್ತಿರುವವನೇ ಗೆಲ್ಲುವನೆಂದೂ ಒಂದು ತಾಸು ಹೇಳಿ, ಸಂಜೆಯ ಗಾಡಿಗೆ ಹೊರಟುಹೋಗುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮುಖ್ಯೋಪಾಧ್ಯಾಯರು ವಂದನೆಗಳನ್ನು ಅರ್ಪಿಸುತ್ತಾರೆ. ಕಾರ್ಯಕ್ರಮದ ಛಾಯಾಚಿತ್ರವು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಸುಶಿಕ್ಷಿತರಾದ ನಾವೂ ಅದನ್ನು ಓದಿ, ಬಡಮಕ್ಕಳಿಗೆ ಇಂಥ ಸ್ಫೂರ್ತಿಯೇ ಬೇಕಾಗಿತ್ತೆಂದು ತಲೆದೂಗಿ, ಚಹ ಕುಡಿಯುತ್ತೇವೆ.

ಈ ಪ್ರವಚನದ ಮೂಲಸೂತ್ರವಾದ ಆಶಾವಾದವನ್ನು ನಾವು ಹಳಿಯುವವರಲ್ಲ. ಆಶೆಯು ಮಗುವಿಗೆ ಅನ್ನದಷ್ಟೇ ಅವಶ್ಯವಾದ ವಸ್ತುವೆಂದೇ ನಮ್ಮ ನಂಬಿಗೆ. ನಮ್ಮ ಆಕ್ಷೇಪವಿರುವದು ಬೇರೊಂದು ಕಡೆಗೆ. ಆಶೆಯನ್ನಿಟ್ಟುಕೊಳ್ಳುವದು ಮಗುವಿನ ಕರ್ತವ್ಯವೆಂದು ಸಾರಿ, ಆ ಆಶೆಗೆ ಆಧಾರವನ್ನು ಒದಗಿಸುವ ತಮ್ಮ ಕರ್ತವ್ಯದಿಂದ ದೊಡ್ಡವರು ಮೆಲ್ಲನೆ ಜಾರಿಕೊಳ್ಳುವ ಈ ಪದ್ಧತಿಯು ಅನ್ಯಾಯವಾದದ್ದೆಂದು ನಾವು ಹೇಳುತ್ತೇವೆ. ಬೆಳೆ ಬರಲಿಲ್ಲವೆಂದು ಬಿತ್ತದೆ ಬಿಟ್ಟ ಹೊಲವನ್ನೇ ಬೈದಂತೆ ಇದು.

ಮೊದಲು ಈ ಮಕ್ಕಳು ಯಾರೆಂಬದನ್ನು ನೋಡೋಣ. ಸೇಡಂ, ಚಿತ್ತಾಪುರ, ಚಿಂಚೋಳಿ—ಈ ಮೂರು ತಾಲೂಕುಗಳನ್ನು ಡಾಕ್ಟರ ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿಯೇ ರಾಜ್ಯದ ೩೯ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ಹತ್ತು ವರ್ಷಗಳ ಮೇಲೆ, ೨೦೧೨ರಲ್ಲಿ, ಸಂವಿಧಾನಕ್ಕೆ ತಿದ್ದುಪಡಿಯಾಗಿ ೩೭೧ (ಜೆ) ಕಲಮು ಬಂದಿತು. ೨೦೧೯ರಲ್ಲಿ ಹೈದರಾಬಾದ ಕರ್ನಾಟಕವೆಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಇವೆಲ್ಲವೂ ಆದವು. ಆದರೂ ತೊಗರಿಯ ರಾಶಿ ಮುಗಿದೊಡನೆ ಚಿಂಚೋಳಿಯ ತಾಂಡಾಗಳಿಂದ ಗಂಟುಮೂಟೆ ಕಟ್ಟಿಕೊಂಡು ಹೊರಡುವವರ ಗುಂಪುಗಳು ನಿಂತಿಲ್ಲ. ಮುಂಬಯಿ, ಪುಣೆ, ಹೈದರಾಬಾದ—ಎಲ್ಲಿ ಕಟ್ಟಡ ಏಳುವದೋ ಅಲ್ಲಿಗೆ ಅವರ ಪಯಣ. ವಾಡಿಯ ಜಂಕ್ಷನ್ನಿನಲ್ಲಿ ಒಂದು ರಾತ್ರಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ೧೮೭೪ರಲ್ಲಿ ನಿಜಾಮನ ರೈಲು ಸಿಕಂದರಾಬಾದದಿಂದ ಬಂದು ಮುಂಬಯಿಯ ಹಳಿಗೆ ಕೂಡಿದ್ದು ಈ ವಾಡಿಯಲ್ಲಿಯೇ. ಅಂದಿನಿಂದ ಈ ನಿಲ್ದಾಣವು ನಮ್ಮ ನೆಲದ ಕಾಳನ್ನೂ ಕಲ್ಲನ್ನೂ ಕೈಗಳನ್ನೂ ಹೊರಗೆ ಸಾಗಿಸುತ್ತ ಬಂದಿದೆ.

ನಮ್ಮ ನೆಲವು ಬಡನೆಲವೇ? ಅಲ್ಲವೆಂಬದೇ ವಿಚಿತ್ರ. ಶಹಾಬಾದದ ಫರಸಿಯನ್ನು ಹಾಸದ ಮನೆ ದಖ್ಖನದಲ್ಲಿ ಅಪರೂಪ. ಮಳಖೇಡ, ಸೇಡಂ, ವಾಡಿಗಳ ಸುಣ್ಣದ ಕಲ್ಲು ಸಿಮೆಂಟಾಗಿ ದೇಶದ ಪಟ್ಟಣಗಳನ್ನು ಕಟ್ಟುತ್ತಿದೆ. ತೊಗರಿಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಖಣಿಯಲ್ಲಿ ಕಲ್ಲು ಎತ್ತುವವನ ಮಗುವಿಗೆ, ಪರರ ಹೊಲದಲ್ಲಿ ತೊಗರಿ ಕೊಯ್ಯುವವಳ ಮಗುವಿಗೆ, ಈ ಐಶ್ವರ್ಯದಿಂದ ಬಂದದ್ದೇನು? ತಾಯಿತಂದೆಗಳು ಇಲ್ಲಿಯ ಸಿಮೆಂಟನ್ನೇ ಮುಂಬಯಿಯಲ್ಲಿ ಕಲಸಲು ಹೋಗುತ್ತಾರೆ; ಮಗುವು ಮುದುಕಿಯ ಸಂಗಡ ತಾಂಡಾದಲ್ಲಿ ಉಳಿಯುತ್ತದೆ.

ಇಲ್ಲಿ ನಮ್ಮ ಸುಶಿಕ್ಷಿತರ ಬಾಯಲ್ಲಿ ಸಿದ್ಧವಾಗಿರುವ ಒಂದು ಶಬ್ದವನ್ನು ಸ್ವಲ್ಪ ಪರೀಕ್ಷಿಸಬೇಕು. "ಅವರಿಗೆ ಮಕ್ಕಳ ಕಾಳಜಿಯೇ ಇಲ್ಲರೀ, ಹಡೆದು ಬಿಟ್ಟು ಹೋಗುತ್ತಾರೆ" ಎಂಬ ಮಾತನ್ನು ವಾಚಕರು ಕೇಳಿರದೆ ಇರಲಾರರು, ಆಡಿಯೂ ಇದ್ದಾರು. ನಿರ್ಲಕ್ಷ್ಯವೆಂಬ ಈ ಆರೋಪದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಮಗನನ್ನು ಶಾಲೆ ಬಿಡಿಸಿ ಕಟ್ಟಡದ ಧೂಳಿಗೆ ಒಯ್ಯುವದೊ, ಅಜ್ಜಿಯ ಹತ್ತಿರ ಬಿಟ್ಟು ಶಾಲೆಗೆ ಕಳಿಸುವದೊ ಎಂಬ ಸಂಕಟದಲ್ಲಿ ಎರಡನೆಯದನ್ನು ಆರಿಸಿಕೊಂಡ ತಾಯಿಯನ್ನು ನಿರ್ಲಕ್ಷ್ಯದವಳೆನ್ನುವದು ಕ್ರೂರವಾದ ಮಾತು. ತನ್ನ ಕಣ್ಣೆದುರಿನ ಮಗುವಿಗಿಂತ ಅದರ ಮುಂದಿನ ಹತ್ತು ವರ್ಷಗಳನ್ನು ಅವಳು ಹೆಚ್ಚಾಗಿ ಲಕ್ಷಿಸಿದ್ದಾಳೆ. ಬೆಂಗಳೂರಿನಲ್ಲಿಯೋ ಅಮೇರಿಕೆಯಲ್ಲಿಯೋ ನೌಕರಿ ಮಾಡುತ್ತ ಮಗುವನ್ನು ಅತ್ತೆಯ ಮನೆಯಲ್ಲಿಟ್ಟ ನಮ್ಮ ಮಗಳಿಗೆ ಯಾರೂ ಈ ಶಬ್ದವನ್ನು ಉಪಯೋಗಿಸುವದಿಲ್ಲವೆಂಬದು ಗಮನಿಸಬೇಕಾದ ವಿಷಯ.

ಆದರೆ ನಿಜವಾದ ನಿರ್ಲಕ್ಷ್ಯವೂ ಉಂಟು. ಬಡವರ ಮೇಲಿನ ಕರುಣೆಯಿಂದ ಅದನ್ನು ಮರೆಮಾಚುವದು ಮಗುವಿಗೆ ಬಗೆದ ದ್ರೋಹವಾದೀತು. ಕೂಲಿಯ ಹಣವನ್ನೆಲ್ಲ ಕುಡಿತಕ್ಕೆ ಸುರಿಯುವ ತಂದೆ ಇದ್ದಾನೆ. ೨೦೦೭ರ ಜುಲೈಯಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಎರಡನೆಯ ಮದುವೆಯಾಗಿ ಮೊದಲ ಹೆಂಡತಿಯ ಮಕ್ಕಳನ್ನು ಮರೆತವನಿದ್ದಾನೆ. ಗುಳೆ ಹೋಗುವಾಗ ಬೆಳೆದ ಹುಡುಗಿಯನ್ನು ಕಾಯುವವರಿಲ್ಲವೆಂದು ಹದಿನಾಲ್ಕಕ್ಕೇ ಮದುವೆ ಮಾಡಿ ಕೈತೊಳೆದುಕೊಳ್ಳುವ ಮನೆಗಳೂ ಇವೆ. ಕರ್ನಾಟಕದಲ್ಲಿ ಅಂಥ ಮದುವೆ ಕಾಯಿದೆಯ ಪ್ರಕಾರ ಮದುವೆಯೇ ಅಲ್ಲವೆಂಬದು ಆ ಮನೆಗಳಿಗೆ ತಿಳಿದಿಲ್ಲ, ತಿಳಿದ ನಾವು ಹೋಗಿ ಹೇಳಿಲ್ಲ. ಈ ಎರಡು ಬಗೆಯ ಮಕ್ಕಳ ದುಃಖದ ಕಾರಣಗಳು ಬೇರೆಬೇರೆ. ಆದರೂ ಮಗುವಿನ ಕಡೆಯಿಂದ ನೋಡಿದರೆ ಒಂದು ಮಾತಿನಲ್ಲಿ ಎರಡೂ ಸಮಾನವಾಗಿವೆ: ಸಂಜೆಯ ಹೊತ್ತಿನಲ್ಲಿ ಬಾಗಿಲಿಗೆ ಬರಬೇಕಾದವರು ಬರುವದಿಲ್ಲ.

ಇಂಥ ಮಗುವಿಗೆ ಆಶೆಯು ನೆರವಾಗುವದೆ? ನೆರವಾಗುವದೆಂಬದಕ್ಕೆ ಒಳ್ಳೆಯ ಪ್ರಮಾಣಗಳಿವೆ. ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬದೊಂದು ಚಿಕ್ಕ ನಡುಗಡ್ಡೆಯುಂಟು. ೧೯೫೫ರಲ್ಲಿ ಅಲ್ಲಿ ಹುಟ್ಟಿದ ೬೯೮ ಕೂಸುಗಳ ಜೀವನವನ್ನು ಎಮ್ಮಿ ವರ್ನರ್ ಮತ್ತು ರುತ್ ಸ್ಮಿತ್ ಎಂಬ ಇಬ್ಬರು ವಿದುಷಿಯರು ಅವರು ನಡುವಯಸ್ಸಿಗೆ ಬರುವ ವರೆಗೆ ಬೆನ್ನುಹತ್ತಿ ನೋಡಿದರು. ಇವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಕ್ಕಳು ಬಡತನದಲ್ಲಿ ಹುಟ್ಟಿ, ಕುಡುಕ ತಂದೆಯನ್ನೋ ಚಿತ್ತಸ್ವಾಸ್ಥ್ಯವಿಲ್ಲದ ತಾಯಿಯನ್ನೋ ಜಗಳದ ಮನೆಯನ್ನೋ ಪಡೆದವರು. ಇವರೆಲ್ಲರೂ ಕೆಡುವರೆಂದು ಯಾರಾದರೂ ಊಹಿಸಬಹುದಾಗಿತ್ತು. ಹಾಗಾಗಲಿಲ್ಲ. ಈ ಕಷ್ಟದ ಮಕ್ಕಳಲ್ಲಿಯೂ ಮೂರರಲ್ಲೊಂದು ಪಾಲು ಸಮರ್ಥರೂ ವಿಶ್ವಾಸವುಳ್ಳವರೂ ಪರರ ಮೇಲೆ ಮಮತೆಯುಳ್ಳವರೂ ಆಗಿ ಬೆಳೆದರು. ಹದಿಹರೆಯದಲ್ಲಿ ದಾರಿತಪ್ಪಿದ ಇತರರಲ್ಲಿಯೂ ಹಲವರು ಮುಂದೆ ಮೂವತ್ತು-ನಾಲ್ವತ್ತರ ವಯಸ್ಸಿನಲ್ಲಿ ನೆಟ್ಟಗಾದರು.

ಗಟ್ಟಿಯಾಗಿ ನಿಂತ ಆ ಮಕ್ಕಳಲ್ಲಿ, ತನ್ನ ಪ್ರಯತ್ನದಿಂದ ತನ್ನ ಸ್ಥಿತಿ ಬದಲಾದೀತೆಂಬ ನಂಬಿಗೆ ಇದ್ದದ್ದು ನಿಜ. ನಮ್ಮ ವಾಗ್ಮಿಗಳು ಇಷ್ಟನ್ನೇ ಎತ್ತಿಕೊಂಡು ಬಂದಿದ್ದಾರೆ. ಅದೇ ಅಧ್ಯಯನದ ಇನ್ನೊಂದು ಅರ್ಧವನ್ನು ಅವರು ದಾರಿಯಲ್ಲಿ ಬಿಟ್ಟುಬಂದರು. ಆ ಮಕ್ಕಳೊಬ್ಬೊಬ್ಬರ ಬದುಕಿನಲ್ಲಿಯೂ ಸಮರ್ಥನಾದ, ಸ್ಥಿರಚಿತ್ತದ, ಮಗುವನ್ನು ಒಪ್ಪಿಕೊಂಡ ಒಬ್ಬ ದೊಡ್ಡವರಾದರೂ ಇದ್ದರು—ಅಜ್ಜಿ, ಚಿಕ್ಕಮ್ಮ, ಅಕ್ಕ, ಮಾಸ್ತರ, ನೆರೆಯವರು ಯಾರಾದರೂ ಸರಿ. ಆಶೆಯು ಬರಿಗಾಳಿಯಲ್ಲಿ ಹುಟ್ಟಲಿಲ್ಲ. ಒಬ್ಬರ ಮಡಿಲಲ್ಲಿ ಹುಟ್ಟಿತು. ಅಲ್ಲದೆ ಆ ಮಕ್ಕಳಿಗೆ ಮನೆಯಲ್ಲಿ ಕೆಲವು ಚಿಕ್ಕ ಹೊಣೆಗಾರಿಕೆಗಳಿದ್ದವು. ತಾನು ಮಾಡದಿದ್ದರೆ ಆ ಕೆಲಸ ಆಗದೆಂಬ ಭಾವನೆಯು ಅವರಿಗೆ ಬಲವನ್ನು ಕೊಟ್ಟಿತು. (ಇದನ್ನು ಓದಿ, ತಾಂಡಾದ ಹುಡುಗಿಯನ್ನು ಮನೆಗೆಲಸಕ್ಕಿಟ್ಟುಕೊಂಡ ಗೃಹಸ್ಥರು ತಾವೂ ಅವಳಿಗೆ ಬಲವನ್ನೇ ಕೊಡುತ್ತಿದ್ದೇವೆಂದು ಸಮಾಧಾನಪಟ್ಟುಕೊಳ್ಳಬಾರದು. ತಮ್ಮನಿಗೆ ಅಂಗಿ ತೊಡಿಸುವದು ಬೇರೆ, ಪರರ ಮನೆಯ ಮುಸುರೆ ತಿಕ್ಕುವದು ಬೇರೆ.)

ಆಶೆಯೆಂದರೇನೆಂಬದನ್ನು ಇನ್ನಷ್ಟು ಹತ್ತಿರದಿಂದ ತೋರಿಸುವ ಒಂದು ಪ್ರಯೋಗವುಂಟು. ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಶೆಲ್ ಎಂಬವರು, ಮಗುವಿನ ಮುಂದೆ ಒಂದು ಮಿಠಾಯಿಯನ್ನಿಟ್ಟು, "ನಾನು ತಿರುಗಿ ಬರುವ ವರೆಗೆ ತಿನ್ನದೆ ಕಾದರೆ ಎರಡು ಕೊಡುವೆನು" ಎಂದು ಹೇಳಿ ಹೊರಗೆ ಹೋಗುವ ಪರೀಕ್ಷೆಯನ್ನು ೧೯೬೦ರ ದಶಕದ ಕೊನೆಗೆ ಆರಂಭಿಸಿದ್ದರು. ಕಾದ ಮಗು ಸಂಯಮಿ, ತಿಂದ ಮಗು ದುರ್ಬಲ—ಹೀಗೆಂದು ಲೋಕವೆಲ್ಲ ಬಹುಕಾಲ ಹೇಳುತ್ತ ಬಂದಿತು. ಮನೆಯಿಲ್ಲದವರ ಆಶ್ರಯಧಾಮವೊಂದರಲ್ಲಿ ಸೇವೆ ಮಾಡಿದ್ದ ಸೆಲೆಸ್ಟ್ ಕಿಡ್ ಎಂಬ ತರುಣಿಗೆ ಇದರಲ್ಲಿ ಸಂಶಯ ಬಂದಿತು. ಅಲ್ಲಿಯ ಮಕ್ಕಳ ಕೈಗೆ ಬಂದ ವಸ್ತುವನ್ನು ಇನ್ನೊಬ್ಬರು ಕಸಿದುಕೊಳ್ಳುವದು ದಿನದ ಮಾತು. ಅಂಥ ಮಗು ಕಾಯುವದಾದರೂ ಏತಕ್ಕೆ? ಆಕೆಯೂ ಆಕೆಯ ಸಂಗಡಿಗರೂ ರಾಚೆಸ್ಟರಿನಲ್ಲಿ ೨೮ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ "ಒಳ್ಳೆಯ ಬಣ್ಣದ ಕಡ್ಡಿಗಳನ್ನು ತರುವೆನು, ಕಾಯಿರಿ" ಎಂದು ಹೇಳಿ ತಂದುಕೊಟ್ಟರು. ಇನ್ನೊಂದಕ್ಕೆ ಹಾಗೆಯೇ ಹೇಳಿ, ಬರಿಗೈಯಿಂದ ಬಂದು, "ಇಲ್ಲ, ಕ್ಷಮಿಸಿರಿ" ಎಂದರು. ಆಮೇಲೆ ಮಿಠಾಯಿಯನ್ನಿಟ್ಟರು. ಮಾತು ಉಳಿದ ಗುಂಪಿನ ಮಕ್ಕಳು ಸರಾಸರಿ ೧೨ ಮಿನಿಟು ಕಾದರು. ಮಾತು ತಪ್ಪಿದ ಗುಂಪಿನವರು ೩ ಮಿನಿಟು. ಇದು ೨೦೧೩ರಲ್ಲಿ ಪ್ರಕಟವಾಯಿತು. ಮಕ್ಕಳು ಅವೇ ವಯಸ್ಸಿನವರು, ಮಿಠಾಯಿ ಅದೇ. ಬದಲಾದದ್ದು ದೊಡ್ಡವರ ಮಾತಿನ ಬೆಲೆ ಮಾತ್ರ.

ಈಗ ಇದನ್ನು ನಮ್ಮ ತಾಂಡಾಕ್ಕೆ ತಂದು ನೋಡಿರಿ. "ಯುಗಾದಿಗಿ ಬರ್ತೀವಿ, ಹೊಸ ಅಂಗಿ ತರ್ತೀವಿ" ಎಂದು ಹೇಳಿ ತಾಯಿ ಟ್ರಕ್ಕು ಹತ್ತಿರುತ್ತಾಳೆ. ಯುಗಾದಿ ಬರುತ್ತದೆ. ಮುಕಾದಮನು ಮುಂಗಡದ ಲೆಕ್ಕ ತೀರಿಲ್ಲವೆಂದು ರಜೆ ಕೊಡುವದಿಲ್ಲ, ತಾಯಿ ಬರುವದಿಲ್ಲ. ಮಿರಗದ ಮಳೆಗೆ ಬರುವರೆಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಹೋದ ವರ್ಷವೂ ಹಾಗೆಯೇ ಆಗಿತ್ತು. ಮಗು ಮೊದಮೊದಲು ದಿನಾಲು ಕೇಳುತ್ತದೆ, ಬಳಿಕ ವಾರಕ್ಕೊಮ್ಮೆ, ಆಮೇಲೆ ಕೇಳುವದನ್ನೇ ಬಿಡುತ್ತದೆ. "ಈಗ ಹೊಂದಿಕೊಂಡಾದ ನೋಡ್ರಿ, ಅಳೂದೇ ಇಲ್ಲ" ಎಂದು ದೊಡ್ಡವರು ಸಂತೋಷಪಡುತ್ತಾರೆ. ಅಳುವ ಮಗು ಇನ್ನೂ ಆಶೆಯುಳ್ಳದ್ದು. ಕೇಳುವದನ್ನು ಬಿಟ್ಟ ಮಗುವಿನ ಬಗ್ಗೆ ನಾವು ಹೆದರಬೇಕು. ಇಂಥ ಮಗುವಿನ ಮುಂದೆ ನಿಂತು ಭವಿಷ್ಯದ ಮೇಲೆ ಭರವಸೆಯಿಡೆಂದು ಹೇಳುವ ವಾಗ್ಮಿಯು, ಅದರ ಪಾಲಿಗೆ, ಮಾತು ಕೊಟ್ಟು ಹೋದವರ ಸಾಲಿನಲ್ಲಿ ಇನ್ನೊಬ್ಬನು. ಸೇಡಂ ತಾಲೂಕಿನ ಒಂದು ಹಳ್ಳಿಯಲ್ಲಿ ಇಂಥ ಭಾಷಣ ಮುಗಿದ ಮೇಲೆ ಒಬ್ಬ ಚಿಕ್ಕ ಹುಡುಗಿ ನಮ್ಮ ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಸರ, ಅವರು ಮತ್ತ ಯಾವಾಗ ಬರ್ತಾರ?" ಭಾಷಣದ ವಿಷಯವನ್ನು ಅವಳು ಕೇಳಲಿಲ್ಲ. ಭಾಷಣಕಾರರ ಮುಂದಿನ ಭೆಟ್ಟಿಯ ತಾರೀಖು ಅವಳಿಗೆ ಬೇಕಾಗಿತ್ತು. ಅದನ್ನು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ತರಗತಿಯ ಹಿಂದಿನ ಗೋಡೆಗೆ ಆತು ಕುಳಿತು, ಕೇಳಿದ್ದಕ್ಕೆ ಉತ್ತರ ಕೊಡದ ಮಗುವನ್ನು ನಮ್ಮಲ್ಲಿ ಜಡವೆಂದೂ ಮಂದಬುದ್ಧಿಯದೆಂದೂ ಕರೆಯುವ ವಾಡಿಕೆಯುಂಟು. ೧೯೬೭ರ ಸುಮಾರಿಗೆ ಸೆಲಿಗ್‌ಮನ್, ಮಾಯರ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ನಾಯಿಗಳ ಮೇಲೆ ಪ್ರಯೋಗ ಮಾಡಿ, ತಪ್ಪಿಸಿಕೊಳ್ಳಲಾಗದ ನೋವಿಗೆ ಗುರಿಯಾದ ಪ್ರಾಣಿಯು ನಿಸ್ಸಹಾಯಕತೆಯನ್ನು ಕಲಿಯುತ್ತದೆಂದು ಹೇಳಿದರು. ಮುಂದೆ ಇದೇ ಸೆಲಿಗ್‌ಮನ್ನರು ಆಶಾವಾದದ ದೊಡ್ಡ ಆಚಾರ್ಯರಾದರು. ನಮ್ಮ ಪ್ರವಚನಕಾರರ ಮಾತುಗಳ ಮೂಲವು ಎಷ್ಟೋ ಮಟ್ಟಿಗೆ ಅವರಲ್ಲಿದೆ. ಆದರೆ ಸುಮಾರು ಐವತ್ತು ವರ್ಷಗಳ ಬಳಿಕ, ೨೦೧೬ರಲ್ಲಿ, ಅವರಿಬ್ಬರೂ ಸೇರಿ ಮಿದುಳಿನ ಹೊಸ ಶೋಧಗಳನ್ನು ಮುಂದಿಟ್ಟುಕೊಂಡು ತಮ್ಮ ಸಿದ್ಧಾಂತವನ್ನು ತಾವೇ ತಿರುಗಿಸಿದರು. ದೀರ್ಘಕಾಲದ ನೋವಿಗೆ ಪ್ರಾಣಿಯು ಸುಮ್ಮನಾಗುವದು ಸಹಜವಾದ ಪ್ರತಿಕ್ರಿಯೆ, ಅದನ್ನು ಕಲಿಯಬೇಕಾದದ್ದಿಲ್ಲ. ಕಲಿಯಬೇಕಾದದ್ದು, ತಾನು ಮಾಡಿದ್ದರಿಂದ ಏನೋ ಆಗುತ್ತದೆಂಬ ಅರಿವನ್ನು. ಹಾಗಾದರೆ ಆ ಮೂಲೆಯ ಮಗುವಿನಲ್ಲಿ ದೋಷವೇನೂ ಇಲ್ಲ. ಅದಕ್ಕೆ ಇನ್ನೂ ಯಾರೂ ಕಲಿಸಿಲ್ಲ, ಅಷ್ಟೆ. ಅದು ಭಾಷಣದಿಂದ ಕಲಿಸುವ ಪಾಠವೂ ಅಲ್ಲ: ಮಗು ಕೇಳಿತು, ಉತ್ತರ ಬಂದಿತು, ಮಗು ಬರೆಯಿತು, ಮಾಸ್ತರರು ನೋಡಿದರು, ಹೊಟ್ಟೆನೋವೆಂದಿತು, ಯಾರೋ ದವಾಖಾನೆಗೆ ಕರೆದೊಯ್ದರು. ಹೀಗೆ ನೂರು ಸಲ ಆಗಬೇಕು.

ಇನ್ನು ಮಾತಿನ ಸಂಗತಿ. ತಾಂಡಾದ ಕೂಸು ಮನೆಯಲ್ಲಿ ಯಾಡಿ ಎಂದು ಕರೆದವಳನ್ನು ಶಾಲೆಯಲ್ಲಿ ತಾಯಿ ಎಂದು ಬರೆಯಬೇಕು. ಅದರ ಮಾತೇ ಶಾಲೆಯ ಮಾತಲ್ಲ. ನಿಜಾಮನ ಆಳಿಕೆಯಲ್ಲಿ ಉರ್ದು ಶಾಲೆಯ ಬೆಂಚಿನ ಮೇಲೆ ಕನ್ನಡದ ಕೂಸು ಹೇಗೆ ಬಾಯಿಮುಚ್ಚಿ ಕುಳಿತಿತ್ತೆಂಬದನ್ನು ನಮ್ಮ ಹಿರಿಯರು ಕಣ್ಣೀರಿನಿಂದ ಹೇಳುತ್ತಿದ್ದರು. ೧೯೪೮ರ ಸೆಪ್ಟೆಂಬರ ೧೭ರ ಮೇಲೆ ಆ ದುಃಖ ನಮಗೆ ತೀರಿತು. ನಮ್ಮ ಕನ್ನಡ ಶಾಲೆಯಲ್ಲಿ ಲಂಬಾಣಿಯ ಕೂಸೂ, ತೆಲಂಗಾಣದ ಗಡಿಯ ತೆಲುಗು ಮನೆಯ ಕೂಸೂ ಹಾಗೆಯೇ ಕುಳಿತಿರುವದನ್ನು ಕನ್ನಡಾಭಿಮಾನಿಗಳಾದ ನಾವೇ ಮೊದಲು ಗುರುತಿಸಬೇಕಾಗಿತ್ತು.

ನಮ್ಮ ಎದುರುಪಕ್ಷದವರು ಇಲ್ಲಿ ಮಹಾವ್ಯಕ್ತಿಗಳ ಉದಾಹರಣೆಗಳನ್ನು ಮುಂದಿಡುವರು. ಬಡತನದಲ್ಲಿ ಹುಟ್ಟಿ ಮೇಲೆ ಬಂದವರಿಲ್ಲವೆ? ಅವಶ್ಯವಾಗಿ ಇದ್ದಾರೆ, ನಮ್ಮ ಜಿಲ್ಲೆಯಲ್ಲಿಯೇ ಇದ್ದರು. ಸಾವಳಗಿಯಲ್ಲಿ ೧೯೪೨ರಲ್ಲಿ ಹುಟ್ಟಿದ ಶ್ರೀಮತಿ ಗೀತಾ ನಾಗಭೂಷಣರು ಅಕ್ಷರವಿಲ್ಲದ ಮನೆಯಿಂದ ಬಂದು, 'ಬದುಕು' ಕಾದಂಬರಿಗೆ ೨೦೦೪ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ಕನ್ನಡದ ಲೇಖಕಿಯೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ೨೦೧೦ರಲ್ಲಿ ಗದಗಿನ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದರು, ೨೦೨೦ರಲ್ಲಿ ತೀರಿಕೊಂಡರು. ಅವರ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಈ ಚರಿತ್ರೆಯನ್ನು ಮಕ್ಕಳಿಗೆ ಹೇಳುವವರು ಅವರ ತಂದೆಯ ಸಂಗತಿಯನ್ನೂ ಹೇಳಬೇಕು. ಆ ತಂದೆ ಗುಲಬರ್ಗೆಯ ಎಂ. ಎಸ್. ಕೆ. ಮಿಲ್ಲಿನ ಕಾರ್ಮಿಕರಾಗಿದ್ದರು, ಆ ಮಿಲ್ಲು ಬಡವರ ಮನೆಗಳಿಗೆ ಊರಲ್ಲಿಯೇ ಕೆಲಸವನ್ನೂ ಪಗಾರವನ್ನೂ ಕೊಡುತ್ತಿತ್ತು. ಮುಂಬಯಿಗೆ ಗುಳೆ ಹೋಗುವ ಪ್ರಸಂಗ ಆ ತಂದೆಗಿರಲಿಲ್ಲ. ಹೆಣ್ಣುಮಗಳನ್ನು ಶಾಲೆಗೆ ಕಳಿಸುವ ಮನಸ್ಸೂ ಅವರಿಗಿತ್ತು. ಮಿಲ್ಲು ಈಗ ಇಲ್ಲ. ಅಂಥ ಮಿಲ್ಲು ಮುಚ್ಚಿದ ಮೇಲೆ ಉಳಿದ ಮಕ್ಕಳಿಗೆ ಗೀತಾ ನಾಗಭೂಷಣರ ಮನೋಬಲವನ್ನು ಮಾತ್ರ ಉಪದೇಶಿಸುವದು ಎಷ್ಟು ಸರಿ? ನೂರು ಮಕ್ಕಳಲ್ಲಿ ಹೊಳೆಯನ್ನು ಈಜಿ ದಾಟಿದ ಒಬ್ಬನಿಗೆ ಮಾಲೆ ಹಾಕಿ, ತೊಂಬತ್ತೊಂಬತ್ತು ಜನರಿಗೆ ಈಜುವ ಉತ್ಸಾಹ ಸಾಲದೆಂದು ಹೇಳುವ ನ್ಯಾಯ ಇದು. ಸೇತುವೆಯ ಮಾತನ್ನು ಎತ್ತಿದರೆ ನಿರಾಶಾವಾದಿಗಳೆಂಬ ಬಿರುದು ನಮಗೆ.

ಪ್ರಾಚೀನರ ಕೀರ್ತಿಯನ್ನು ಸಾರುವದರಲ್ಲಿ ನಮ್ಮವರು ಎಂದಿಗೂ ಹಿಂದಿಲ್ಲ. ಆದುದರಿಂದ ಅವರ ಮುಂದೆ ಪ್ರಾಚೀನರನ್ನೇ ಸಾಕ್ಷಿಗೆ ಕರೆಯುತ್ತೇವೆ. ಚಿತ್ತಾಪುರಕ್ಕೆ ಹತ್ತಿದ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವೊಂದಿತ್ತು. ಕ್ರಿ. ಶ. ೧೦೫೮ರ ಅಲ್ಲಿಯ ಶಾಸನದಲ್ಲಿ ೨೦೦ ಜನ ವೇದಾಧ್ಯಾಯಿಗಳ, ೫೨ ಜನ ಶಾಸ್ತ್ರಾಧ್ಯಾಯಿಗಳ, ಅವರ ಉಪಾಧ್ಯಾಯರ, ಅಷ್ಟೇ ಅಲ್ಲದೆ ೬ ಜನ ಸರಸ್ವತೀಭಂಡಾರಿಗರ, ಎಂದರೆ ಗ್ರಂಥಪಾಲಕರ, ಏರ್ಪಾಡು ಬರೆದಿದೆ. ಆ ವಿದ್ಯೆಯು ಎಲ್ಲ ಜಾತಿಯ ಮಕ್ಕಳಿಗೆ ದೊರೆಯುತ್ತಿರಲಿಲ್ಲವೆಂಬದನ್ನು ಮರೆಯಬೇಕಾಗಿಲ್ಲ. ಆದರೆ ಆ ಶಾಸನವನ್ನು ಬರೆಯಿಸಿದವರ ವ್ಯವಹಾರಜ್ಞಾನವನ್ನು ನೋಡಿರಿ. ವಿದ್ಯಾರ್ಥಿಗಳು ಉತ್ಸಾಹದಿಂದಿರತಕ್ಕದ್ದೆಂದು ಅವರು ಕಲ್ಲಿನಲ್ಲಿ ಕೊರೆಯಿಸಲಿಲ್ಲ. ಇಷ್ಟು ಜನಕ್ಕೆ ಇಷ್ಟು ಭೂಮಿಯೆಂದು ಲೆಕ್ಕಹಾಕಿ ಬಿಟ್ಟುಕೊಟ್ಟರು. ದಾನವು ವರ್ಷವರ್ಷ ನಡೆದುಬರಬೇಕೆಂದೇ ಅದನ್ನು ಕಲ್ಲಿನ ಮೇಲೆ ಬರೆಯುತ್ತಿದ್ದದ್ದು.

ನಮ್ಮ ಕಾಲದಲ್ಲಿಯೂ ಹೀಗೆ ನಡೆದುಬಂದ ಒಂದು ಏರ್ಪಾಡುಂಟು. ೨೦೦೨ರ ಜೂನಿನಲ್ಲಿ ಅಕ್ಷರ ದಾಸೋಹದ ಬಿಸಿಯೂಟವು ಮೊದಲು ಆರಂಭವಾದದ್ದು ನಮ್ಮ ಜಿಲ್ಲೆಯೂ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಶರಣಬಸವೇಶ್ವರರ ನಾಡಿಗೆ ದಾಸೋಹವೆಂಬ ಹೆಸರು ಒಪ್ಪುವಂಥದೇ. ಅನ್ನದ ಗುಣದ ಬಗ್ಗೆ, ಅಡಿಗೆಯ ತಾಯಂದಿರಿಗೆ ಸಿಕ್ಕುವ ಅಲ್ಪ ವೇತನದ ಬಗ್ಗೆ ಹೇಳಬೇಕಾದದ್ದು ಬಹಳವಿದೆ. ಆದರೆ ಮಗುವಿನ ಕಣ್ಣಿಗೆ ಅದರ ಮಹತ್ವವು ಬೇರೆ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಬರುತ್ತದೆ. ನಿನ್ನೆ ಬಂದಿತ್ತು, ಇಂದೂ ಬಂದಿದೆ. ಸರಕಾರವು ಬಡಮಗುವಿಗೆ ಕೊಟ್ಟ ಮಾತುಗಳಲ್ಲಿ ಗಂಟೆಗೆ ಸರಿಯಾಗಿ ಈಡೇರುವದು ಬಹುಶಃ ಇದೊಂದೇ. ೨೦೨೧ರ ಡಿಸೆಂಬರದಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ತತ್ತಿ ಕೊಡುವದಕ್ಕೆ ಪ್ರಾರಂಭವಾದಾಗ ಎಷ್ಟು ಜನ ಹೊಟ್ಟೆತುಂಬಿದವರು ಧರ್ಮದ ಹೆಸರಿನಲ್ಲಿ ಅಡ್ಡಬಂದರೆಂಬದು ವಾಚಕರಿಗೆ ನೆನಪಿರಬಹುದು. ಅವರಲ್ಲಿ ಆಶಾವಾದದ ಭಾಷಣಕ್ಕೆ ಚಪ್ಪಾಳೆ ತಟ್ಟಿದವರೂ ಇದ್ದಿರಬೇಕು. ೨೦೨೦ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಮೊದಲು ನಿಂತದ್ದೂ ಈ ಊಟವೇ. ಕಾಳುಕಡಿಯನ್ನು ಮನೆಗೆ ಮುಟ್ಟಿಸುವ ವ್ಯವಸ್ಥೆ ಆಮೇಲೆ ಬಂದಿತು.

ಹಾಗಾದರೆ ಸುಶಿಕ್ಷಿತ ಕುಟುಂಬಗಳು ಮಾಡತಕ್ಕದ್ದೇನು? ಮೊದಲು, ಮಾಡಬಾರದ್ದು: ಆಗಸ್ಟ ೧೫ರಂದು ಹೋಗಿ ನಾಲ್ಕು ಪಾಟಿಚೀಲ ಹಂಚಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆಯಿಸಿಕೊಂಡು, ಮುಂದಿನ ತಿಂಗಳು ಬರುತ್ತೇವೆಂದು ಹೇಳಿ, ಬಾರದೆ ಇರುವದು. ಚೀಲ ಕೊಡದಿದ್ದರೂ ಮಗುವಿಗೆ ಅಷ್ಟು ನಷ್ಟವಿಲ್ಲ. ಬರುವೆನೆಂದು ಹೇಳಿ ಬಾರದಿದ್ದರೆ, ರಾಚೆಸ್ಟರಿನ ಪ್ರಯೋಗವನ್ನು ನಾವು ಚಿಂಚೋಳಿಯಲ್ಲಿ ಬಿಟ್ಟಿಯಾಗಿ ಮಾಡಿದಂತಾಗುವದು. ಒಂದು ಮನೆಯು ಒಂದು ಮಗುವಿನ ಹೆಸರನ್ನು ಹಿಡಿದು, ತಿಂಗಳಿಗೊಂದು ನಿಶ್ಚಿತ ದಿನ, ಶಾಲೆಯ ಮಾಸ್ತರರ ಎದುರಿನಲ್ಲಿ, ಅದನ್ನು ಕಂಡು ಮಾತಾಡಿ ಅದರ ಪಾಟಿಯನ್ನು ನೋಡಿ ಬರಲಿ. ಹೋಗಲಾಗದ ತಿಂಗಳು ಮೊದಲೇ ಹೇಳಿಕಳಿಸಲಿ. ಮುಂಬಯಿಯಲ್ಲಿರುವ ತಾಯಿಯ ಸಂಗಡ ಮಗುವು ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ದೂರವಾಣಿಯಲ್ಲಿ ಮಾತಾಡುವಂತೆ ಶಾಲೆಯಲ್ಲಿಯೇ ಏರ್ಪಾಡು ಮಾಡಬಹುದು. ಇದಕ್ಕೆ ತಗಲುವ ವೆಚ್ಚವು ಒಬ್ಬ ವಾಗ್ಮಿಗಳ ಹಾರದ ಬೆಲೆಗಿಂತ ಹೆಚ್ಚಾಗಲಾರದು. ಹೊಡೆತ ತಿನ್ನುವ, ಬಿಟ್ಟುಹೋದ, ಮದುವೆಗೆ ಎಳೆಯಲ್ಪಡುವ ಮಗುವನ್ನು ಕಂಡರೆ ೧೦೯೮ ಎಂಬ ಸಂಖ್ಯೆಗೆ ಕರೆಮಾಡುವದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ನೆರೆಮನೆಯ ವಿಚಾರ ನಮಗೇಕೆಂಬ ಸಂಕೋಚವನ್ನು ಮಾತ್ರ ಬಿಡಬೇಕು.

ಇವೆಲ್ಲಕ್ಕಿಂತ ದೊಡ್ಡ ಕೆಲಸವೊಂದಿದೆ. ಅದು ದಾನದಿಂದ ಆಗತಕ್ಕದ್ದಲ್ಲ, ಬೆನ್ನುಹತ್ತಿ ಕೇಳುವದರಿಂದ ಆಗತಕ್ಕದ್ದು. ಗುಳೆ ಹೋದವರ ಮಕ್ಕಳಿಗಾಗಿ ಋತುಮಾನದ ವಸತಿಶಾಲೆಗಳನ್ನು ನಡೆಸುವದಕ್ಕೆ ಸಮಗ್ರ ಶಿಕ್ಷಣದ ಯೋಜನೆಯಲ್ಲಿ ಅವಕಾಶವುಂಟು. ತೊಗರಿಯ ರಾಶಿ ಯಾವ ತಿಂಗಳು ಮುಗಿಯುವದೆಂಬದು ಈ ಸೀಮೆಯ ಎತ್ತಿಗೂ ಗೊತ್ತು. ಆದುದರಿಂದ ಟ್ರಕ್ಕುಗಳು ಬರುವದಕ್ಕೆ ಮುಂಚೆ ಆ ಬಾಗಿಲುಗಳು ತೆರೆದಿರಬೇಕು. ತಾಯಿ ತನ್ನ ಕೈಯಿಂದಲೇ ಮಗುವನ್ನು ಅಲ್ಲಿ ಬಿಟ್ಟು, ಮಲಗುವ ಜಾಗವನ್ನು ನೋಡಿ, ನೋಡಿಕೊಳ್ಳುವವಳ ಮುಖವನ್ನು ಕಂಡು ಹೋಗುವಂತಿರಬೇಕು. ಆ ನೋಡಿಕೊಳ್ಳುವವಳು ಲಂಬಾಣಿಯ ಮಾತು ಬಲ್ಲವಳಾಗಿರಬೇಕು, ವರ್ಷವರ್ಷ ಬದಲಾಗದವಳಾಗಿರಬೇಕು. ಎಲ್ಲಿ ವಸತಿ ಬೇಡವೋ, ಮಗು ಅಜ್ಜಿಯ ಹತ್ತಿರವೇ ಇರುವದು ಒಳ್ಳೆಯದೋ, ಅಲ್ಲಿ ಆ ಮುದುಕಿಯ ಪಿಂಚಣಿ ತಿಂಗಳು ತಪ್ಪದೆ ಬರುವದೂ ಮಗುವಿನ ಶಿಕ್ಷಣದ ಅಂಗವೆಂದೇ ಎಣಿಸಬೇಕು. ಮುದುಕಿ ಅಂಚೆಯ ಕಚೇರಿಗೆ ಮೂರು ಸಲ ಅಲೆದರೆ ಮಗು ಮೂರು ದಿನ ಶಾಲೆ ತಪ್ಪಿಸುತ್ತದೆ.

ನಮ್ಮ ಸಂಘದ ಸದಸ್ಯರಲ್ಲಿ ಶಾಲಾಭಿವೃದ್ಧಿ ಸಮಿತಿಗಳಿಗೆ ಸಂಬಂಧಪಟ್ಟವರೂ, ಉಪಾಧ್ಯಾಯರೂ, ವಕೀಲರೂ, ಪಂಚಾಯತಿಯ ನೌಕರರೂ ಐದೂ ಊರುಗಳಲ್ಲಿ ಸಾಕಷ್ಟು ಜನರಿದ್ದಾರೆ. ಅವರು ಬರುವ ದೀಪಾವಳಿಯೊಳಗೆ ಮೂರು ಲೆಕ್ಕಗಳನ್ನು ತಂದುಕೊಡಲಿ: ತಮ್ಮ ಶಾಲೆಯ ಎಷ್ಟು ಮಕ್ಕಳ ತಾಯಿತಂದೆಗಳು ಹೋದ ವರ್ಷ ಗುಳೆ ಹೋದರು, ಆ ಮಕ್ಕಳು ಯಾರ ಹತ್ತಿರ ಉಳಿದರು, ಹತ್ತಿರದ ವಸತಿಯು ಯಾವ ತಾರೀಖಿಗೆ ತೆರೆಯಿತು. ಊರವಾರು, ಶಾಲೆಯವಾರು ಆ ಅಂಕಿಗಳನ್ನು, ಮಕ್ಕಳ ಹೆಸರುಗಳನ್ನು ಬಿಟ್ಟು, ಈ ಪತ್ರಿಕೆಯಲ್ಲಿ ಅಚ್ಚುಹಾಕಿಸಿ, ಪ್ರತಿಗಳನ್ನು ಕ್ಷೇತ್ರಶಿಕ್ಷಣಾಧಿಕಾರಿಗಳಿಗೂ ಜಿಲ್ಲಾ ಪಂಚಾಯತಿಗೂ ಕಳಿಸೋಣ. ಮರುವರ್ಷ ಅವೇ ಶಾಲೆಗಳ ಅಂಕಿಗಳನ್ನು ಮತ್ತೆ ಕೇಳೋಣ.